ಅರೆಟಿಗೆ ಓದಿ ಹೇಳಿದವನು

ಕ್ಲೆಮ್ ಲೈಬ್ರರಿ ಕೌಂಟರಿನ ಮೇಲಿಟ್ಟ ಪುಸ್ತಕ ಮಕ್ಕಳದು. ರಟ್ಟಿನ ಮೇಲೆ ಒಂದು ಲೈಟ್‌ಹೌಸ್, ಅದರ ಕೆಳಗೆ ಕುಂಟು ಕುದುರೆ. ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು.

"ಮಗಳದಾ?" ಅರೆಟಿ ತಲೆ ಎತ್ತದೆ ಕೇಳಿದಳು.

"ನನಗೆಲ್ಲಿ ಮಗಳು? ಮದುವೇನೇ ಆಗಿಲ್ಲ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಥೆವೆನಾರ್ಡಿನಂಥ ಪುಟ್ಟ ಬಂದರು ಊರಲ್ಲಿ ಯಾರ ವಿಷಯವಾದರೂ ಯಾರಿಗೆ ಗೊತ್ತಿಲ್ಲ? ಈ ಕ್ಲೆಮ್ ದೂರದ ಸ್ಮೋಕಿ ಬೇ ಕೊಲ್ಲಿಯಲ್ಲಿ, ಸಮುದ್ರದಲ್ಲಿ ಬುಟ್ಟಿ ಕಟ್ಟಿ ಸಿಂಪಿ ಬೆಳೆಸುವವನು, ಐವತ್ತು ದಾಟಿದ ಒಂಟಿ ಗಂಡಸು, ಒದ್ದೆ ಬೂಟನ್ನು ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲಿ ಲೈಬ್ರರಿಯೊಳಗೆ ಓಡಾಡುವವನು. ಗೊತ್ತಿದ್ದರೂ ಅವಳು ಕೇಳಿದ್ದಳು. ಈಗೀಗ ಬಾಯಿ ತಾನಾಗಿ ಏನೋ ಮಾತಾಡುತ್ತಿತ್ತು, ಅವಳು ಬೇರೆಲ್ಲೋ ಇರುತ್ತಿದ್ದಳು. ಎಲ್ಲಿ ಅಂತ ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಆ ತಿಂಗಳು ಲೈಬ್ರರಿಯಲ್ಲಿ ಒಂದು ಕಪಾಟು ಖಾಲಿ ಮಾಡಿ, 'ನಿಮಗೆ ಓದಿನ ಹುಚ್ಚು ಹಿಡಿಸಿದ ಮೊದಲ ಪುಸ್ತಕ ತನ್ನಿ' ಅಂತ ಅರೆಟಿಯೇ ಬೋರ್ಡು ಬರೆದು ಹಾಕಿದ್ದಳು. ಊರು ಸಂಭ್ರಮದಿಂದ ತರುತ್ತಿತ್ತು. ಗೋಧಿ ಲಾರಿಯ ಡ್ರೈವರ್ ಒಬ್ಬ ಕೌಬಾಯ್ ಕಥೆ ತಂದ. ಚರ್ಚಿನ ಪಾದ್ರಿ ನಾಚಿಕೊಳ್ಳುತ್ತಾ ಒಂದು ಕೊಲೆಯ ಪತ್ತೇದಾರಿ ಕಾದಂಬರಿ ತಂದುಕೊಟ್ಟರು. ಅರೆಟಿ ಎಲ್ಲವನ್ನೂ ತೆಗೆದುಕೊಂಡು ಹೆಸರಿನ ಚೀಟಿ ಅಂಟಿಸಿ ಜೋಡಿಸಿದಳು, ಅಂಗಡಿಯವರು ಡಬ್ಬ ಜೋಡಿಸುವ ಹಾಗೆ.

"ಯಾರ ಹೆಸರಲ್ಲಿ ಇಡಲಿ?"

"ನನ್ನದೇ."

"ಎಷ್ಟನೇ ವಯಸ್ಸಲ್ಲಿ ಓದಿದ್ದು?"

"ಮೂವತ್ತಾರು." ಕ್ಲೆಮ್ ಸ್ವಲ್ಪ ಕಾದ. "ಇಲ್ಲಿ ನೀವು ನಗಬೇಕಿತ್ತು."

"ನಗು ಬರ್ತಿಲ್ಲ."

"ಸರಿ ಬಿಡಿ." ಅವನು ಕಿವಿ ಕೆರೆದುಕೊಂಡ. "ನೀವೇ ಕೊಟ್ಟಿದ್ದು ಅದನ್ನ. ಟ್ರಕ್ ಕೆಟ್ಟು ನಿಂತಿತ್ತು, ಹೊರಗೆ ಕೆಂಡದಂಥ ಬಿಸಿಲು. ತಂಪಿಗೆ ಅಂತ ಒಳಗೆ ಬಂದೆ. ಏನು ಬೇಕು ಅಂದ್ರಿ. ಅಕ್ಕನ ಮಗಳಿಗೆ ಪುಸ್ತಕ ಅಂತ ಸುಳ್ಳು ಹೇಳ್ದೆ. ನನಗೆ ಅಕ್ಕಾನೂ ಇಲ್ಲ. ಅಕ್ಷರ ಗೊತ್ತಿತ್ತು, ಓದೋಕೆ ಬರ್ತಿರಲಿಲ್ಲ. ಟ್ರಕ್ಕಲ್ಲಿ ಕೂತು ಒಂದೊಂದೇ ಪದ ಕೂಡಿಸ್ಕೊಂಡು ಓದ್ದೆ. ಆ ಕುದುರೆ ಬದುಕುತ್ತಾ ಇಲ್ವಾ ಅನ್ನೋದು ತಿಳೀದೆ ಸಂಕಟ ಆಗೋಯ್ತು. ಮುಗಿದ ದಿನವೇ ಇನ್ನೊಂದಕ್ಕೆ ಬಂದೆ. ಆಮೇಲೆ ನಿಲ್ಲಲೇ ಇಲ್ಲ." ಅವನ ಕಣ್ಣು ಒಂದು ಕ್ಷಣ ಅವಳ ಮುಖದ ಮೇಲೆ ನಿಂತು, ಸರ್ರನೆ ಪೆನ್ನಿನ ಲೋಟಕ್ಕೆ ಹೊರಳಿತು. "ಲೈಬ್ರರಿಯವರು ಹಳೇ ಪುಸ್ತಕ ಮಾರಿದಾಗ ಇದನ್ನ ಕೊಂಡ್ಕೊಂಡೆ. ನಿಮಗೆ ನೆನಪಿರಬೇಕು."

ಅರೆಟಿ ನೆನಪಿಗಾಗಿ ಒಳಗೆ ಹುಡುಕಿದಳು. ಏನೂ ಸಿಗಲಿಲ್ಲ.

"ಇಲ್ಲ," ಅಂದಳು. "ನೆನಪಿಲ್ಲ."

ಕ್ಲೆಮ್ ತಲೆಯಾಡಿಸಿದ. ಬಾಗಿಲ ಬಳಿ ಬೂಟು ಹಾಕಿಕೊಳ್ಳಲು ಅವನಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

*

"ನೆನಪಿಲ್ಲ ಅಂದೇಬಿಟ್ಯಾ? ಮುಖಕ್ಕೇ?" ನಾದಿನಿ ಫ್ರೋಸೋ ಮೀನು ಹೆಚ್ಚುತ್ತಿದ್ದ ಚಾಕು ನಿಲ್ಲಿಸಿದಳು. ಭಾನುವಾರಗಳಂದು ಅರೆಟಿ ಅವಳ ಮನೆಯಲ್ಲೇ ಊಟ ಮಾಡುತ್ತಿದ್ದಳು, ಕರೆಯುತ್ತಾರೆ ಅನ್ನೋ ಕಾರಣಕ್ಕೆ. "ಅತ್ತಿಗೆ, ಆ ಮನುಷ್ಯ ವಾರ ಬಿಟ್ಟು ವಾರ ಅಷ್ಟು ದೂರದಿಂದ ಬರ್ತಾನೆ. ಬರೋ ದಿನ ಶರ್ಟಿಗೆ ಇಸ್ತ್ರಿ! ಸಿಂಪಿ ತೊಳೆಯೋನಿಗೆ ಇಸ್ತ್ರಿ ಯಾಕೆ, ಹೇಳು?"

"ಫ್ರೋಸೋ, ನಿನ್ನ ಅಣ್ಣ ಹೋಗಿ ಎರಡೇ ಚಳಿಗಾಲ ಆಗಿದೆ."

"ಅವನು ನನ್ನ ಅಣ್ಣ. ಲೆಕ್ಕ ನಂಗೂ ಗೊತ್ತು." ಫ್ರೋಸೋ ಮೆತ್ತಗಾದಳು. "ನಾನು ಅತ್ತುಬಿಟ್ಟೆ, ಅರೆಟಿ. ಅತ್ತು ಅತ್ತು ಸಾಕಾಯ್ತು. ನೀನು ಅಳಲೇ ಇಲ್ಲ. ಅದೇ ನಂಗೆ ಭಯ."

ಅರೆಟಿ ಮೀನು ತಿಂದಳು. ನಿಂಬೆ ಹಿಂಡಿದ್ದಾರೆ ಅಂತ ಗೊತ್ತಾಯಿತು. ಹುಳಿ ಅನ್ನಿಸಲಿಲ್ಲ.

ಅವಳ ಗಂಡ ಸ್ಟ್ರಾಟೋಸ್ ದೋಣಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಅಂದಿನಿಂದ ಅವಳು ಒಂದು ಪುಸ್ತಕವನ್ನೂ ಓದಿರಲಿಲ್ಲ. ದಿನವಿಡೀ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು. ಮನೆಯಲ್ಲಿ ಪುಟ ತೆರೆದರೆ ಅಕ್ಷರಗಳು ಅಕ್ಷರಗಳಾಗಿಯೇ ಕೂತಿರುತ್ತಿದ್ದವು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

ಕ್ಲೆಮ್ ಬರುವ ವಾರ ಬಂತು. ಅವನು ಬರಲಿಲ್ಲ.

ಸಂಜೆ ಲೈಬ್ರರಿ ಬಾಗಿಲು ಹಾಕುವಾಗ ಅರೆಟಿಗೆ ಅದು ತಿಳಿಯಿತು. ಬೇಸರವೇನೂ ಆಗಲಿಲ್ಲ. ಬಾಯೊಳಗೆ ಒಂದು ಹಲ್ಲು ಇಲ್ಲದಿರುವುದು ನಾಲಿಗೆಗೆ ತಿಳಿಯುವ ಹಾಗೆ, ಅಷ್ಟೇ. ಆದರೂ ಶನಿವಾರ ಸ್ಮೋಕಿ ಬೇಗೆ ಕಾರು ತೆಗೆದಳು.

ಅವನು ಶೆಡ್ಡಿನ ಮುಂದೆ ಬುಟ್ಟಿ ತೊಳೆಯುತ್ತಿದ್ದ. ಅವಳನ್ನು ಕಂಡವನೇ ಪೈಪು ಕೈಬಿಟ್ಟ, ಅದು ಹಾವಿನ ಹಾಗೆ ಹೊರಳಿ ಅವನನ್ನೇ ನೆನೆಸಿತು.

"ಪುಸ್ತಕ ವಾಪಸ್ ಕೊಡೋಕೆ ಬಂದ್ರಾ?"

"ಇಲ್ಲ. ಅದು ಕಪಾಟಲ್ಲೇ ಇದೆ. ಮಕ್ಕಳು ಕೇಳ್ತಿದ್ದಾರೆ." ಅವಳು ಕೈಚೀಲದ ಹಿಡಿ ತಿರುಚಿದಳು. "ಕ್ಲೆಮ್, ನಿಮ್ಮನ್ನ ನೋಯಿಸಬೇಕು ಅಂತ ಹೇಳಿದ್ದಲ್ಲ. ನಂಗೆ ಯಾವುದೂ ನೆನಪಾಗ್ತಿಲ್ಲ. ಏನೂ ಅನ್ನಿಸ್ತಾನೂ ಇಲ್ಲ."

"ಏನೂ?"

"ಏನೂ."

"ಹಸಿವು?"

ಅವಳು ಯೋಚಿಸಿದಳು. "ಗಡಿಯಾರ ನೋಡಿ ತಿಂತೀನಿ."

"ಹಾಗಾದ್ರೆ ಕೂತ್ಕೊಳಿ. ಗಡಿಯಾರಕ್ಕೆ ನಾನು ಹೇಳ್ತೀನಿ."

ಶೆಡ್ಡಿನ ಹಿಂದೆ, ಸಮುದ್ರಕ್ಕೆ ಮುಖ ಮಾಡಿ, ಹಗ್ಗದಿಂದ ಹೆಣೆದ ಹಳೇ ಸೋಫಾ ಇತ್ತು. ಅವನು ಬ್ರೆಡ್ಡು, ಬೆಣ್ಣೆ, ಬಿಡಿಸಿದ ಸಿಂಪಿ ತಂದಿಟ್ಟ. ಕೆಟಲಿನಲ್ಲಿ ಟೀ ಕಾಯಿಸಿದ. ಬಿಸಿಲು ಇಳಿಮುಖವಾಗಿತ್ತು, ಇಳಿತಕ್ಕೆ ನೀರು ಹಿಂದೆ ಸರಿದು ಕಾಲುವೆಯಷ್ಟೇ ಉಳಿದಿತ್ತು.

"ಕಪಾಟಲ್ಲಿ ನಿಮ್ಮ ಪುಸ್ತಕ ಯಾಕಿಲ್ಲ?" ಕ್ಲೆಮ್ ಕೇಳಿದ. "ಬೋರ್ಡು ಬರೆದೋರದ್ದೇ ಇಲ್ಲ."

"ಅದು ಈಗ ಎಲ್ಲೂ ಇಲ್ಲ." ಅರೆಟಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಹೇಳಿದಳು. "ಯಾರೋ ಹಡಗಿನವನು ಬಂದರಿನ ಜೆಟ್ಟಿ ಮೇಲೆ ಬಿಟ್ಟು ಹೋಗಿದ್ದ. ಶಾರ್ಕ್ ಬೇಟೆಯ ಕಥೆ. ಕೊನೇ ಹಾಳೆಗಳಿರಲಿಲ್ಲ. ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ಅವನು ಬಲೆ ಹೊಲೀತಿದ್ದ, ನಾನು ಪಕ್ಕದಲ್ಲಿ ಕೂತು ಓದಿ ಗ್ರೀಕಲ್ಲಿ ಹೇಳ್ತಿದ್ದೆ. ಶಾರ್ಕ್ ಬಂತು ಅಂದ್ರೆ ಅವನ ಸೂಜಿ ನಿಂತುಬಿಡೋದು. 'ಆಮೇಲೆ?' ಅನ್ನೋನು. ಹಾಳೆ ಮುಗಿದ ಮೇಲೆ ನಾನೇ ಸುಳ್ಳು ಕಥೆ ಕಟ್ಟಿದೆ. ಅಲ್ಲಿಂದ ಹಿಡಿದಿದ್ದು ಹುಚ್ಚು."

"ಆಮೇಲೆ ಸ್ಟ್ರಾಟೋಸ್‌ಗೆ ಓದಿ ಹೇಳಿದ್ರಿ."

"ಹೂಂ. ಅವನು ಅಡುಗೆ ಮಾಡ್ತಿದ್ದ, ನಾನು ಓದ್ತಿದ್ದೆ. ಈರುಳ್ಳಿ ಹೆಚ್ಚುತ್ತಾ ಅಳೋನು, ಕಥೆ ಕೇಳಿ ಅತ್ತಿದ್ದು ಅನ್ನೋನು." ಅವಳ ದನಿ ಒಂದೇ ಸಮ ಇತ್ತು, ಹವಾಮಾನ ವರದಿ ಓದುವವರ ಹಾಗೆ. "ಈಗ ನಂಗೆ ಓದೋಕೇ ಆಗ್ತಿಲ್ಲ, ಕ್ಲೆಮ್. ಯಾರಿಗೆ ಅಂತ ಓದ್ಲಿ?"

ಕ್ಲೆಮ್ ಅವಳ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದ.

"ನಿಮಗೆ ಯಾರು ಓದಿ ಹೇಳಿದ್ದಾರೆ?"

"ನಂಗಾ?" ಅರೆಟಿ ಮೊದಲ ಸಲ ಅವನತ್ತ ಪೂರ್ತಿ ತಿರುಗಿದಳು. ಅವನ ಹುಬ್ಬಿನಲ್ಲಿ ಉಪ್ಪು ಒಣಗಿ ಬೆಳ್ಳಗಾಗಿತ್ತು. "ಯಾರೂ ಇಲ್ಲ. ಯಾವತ್ತೂ ಇಲ್ಲ."

ಅವನು ಒಳಗೆ ಹೋಗಿ ಒಂದು ಪುಸ್ತಕ ತಂದ. ದ್ವೀಪವೊಂದಕ್ಕೆ ದ್ರಾಕ್ಷಿ ಬೆಳೆಯಲು ಹೋದ ಅಣ್ಣತಮ್ಮಂದಿರ ಕಾದಂಬರಿ. ಅವನಿನ್ನೂ ಶುರು ಮಾಡಿರಲಿಲ್ಲ. ಕೈ ಒರೆಸಿಕೊಂಡ, ಕೆಮ್ಮಿದ. ಕಿವಿ ಕೆಂಪಾಗಿತ್ತು.

"ಮೊದಲೇ ಹೇಳ್ತೀನಿ. ಗಟ್ಟಿಯಾಗಿ ಯಾರ ಮುಂದೇನೂ ಓದಿಲ್ಲ. ನಗಬಾರದು."

"ನಗು ಬರ್ತಿಲ್ಲ ಅಂದ್ನಲ್ಲ."

"ಹಾಂ, ಅದೊಂದು ಅನುಕೂಲ."

ಅವನು ಓದಿದ. ಕೆಟ್ಟದಾಗಿ ಓದಿದ. ಉದ್ದ ಪದ ಬಂದರೆ ಬಂಡೆ ಹತ್ತುವವನ ಹಾಗೆ ನಿಂತು, ಉಸಿರು ಎಳೆದುಕೊಂಡು, ಹತ್ತಿದ. ಪೂರ್ಣವಿರಾಮ ಇಲ್ಲದ ಕಡೆ ನಿಂತ, ಇರುವ ಕಡೆ ದಾಟಿ ಹೋದ. ಒಂದು ಊರಿನ ಹೆಸರನ್ನು ಮೂರು ಥರ ಹೇಳಿದ. ತಿದ್ದಲು ಅರೆಟಿಯ ಬಾಯಿ ತೆರೆಯಿತು, ತಿದ್ದದೆ ಮುಚ್ಚಿಕೊಂಡಿತು. ಅವಳು ಮಾಡಬೇಕಾದ್ದು ಏನೂ ಇರಲಿಲ್ಲ. ತಲೆ ಹಿಂದಕ್ಕೆ ಒರಗಿತು.

ಕಣ್ಣು ಬಿಟ್ಟಾಗ ಅವಳ ಮೇಲೆ ಅವನ ಉಣ್ಣೆಯ ಅಂಗಿ ಹೊದಿಸಿತ್ತು. ಬಿಸಿಲು ಕೆಂಪಗಾಗಿತ್ತು, ನೀರು ಮತ್ತೆ ಬುಟ್ಟಿಗಳವರೆಗೆ ಏರಿತ್ತು. ಕ್ಲೆಮ್ ಇನ್ನೂ ಓದುತ್ತಿದ್ದ. ದನಿ ಒಡೆದು ಬರೀ ಗೊರಗೊರ ಅನ್ನುತ್ತಿತ್ತು.

"ನಾನು ನಿದ್ದೆ ಮಾಡಿಬಿಟ್ಟೆ."

"ಗೊತ್ತಾಯ್ತು. ಗೊರಕೆ ಹೊಡೆದ್ರಿ."

"ಮತ್ತೆ ಯಾಕೆ ಓದ್ತಾನೇ ಇದ್ರಿ?"

"ನಿಲ್ಲಿಸಿದ್ರೆ ಎಚ್ಚರ ಆಗುತ್ತಲ್ಲ." ಅವನು ಪುಸ್ತಕದ ಅಂಚನ್ನೇ ನೋಡುತ್ತಾ ಮುಂದುವರಿಸಿದ. "ಅರೆಟಿ, ಇಷ್ಟು ವರ್ಷ ಬರೀ ಪುಸ್ತಕಕ್ಕೇ ಅಷ್ಟು ದೂರ ಬರ್ತಿದ್ದೆ ಅಂದ್ರೆ ಸುಳ್ಳಾಗುತ್ತೆ. ಸ್ಟ್ರಾಟೋಸ್ ಇದ್ದಾಗ ಆಡೋ ಮಾತಾಗಿರಲಿಲ್ಲ. ಈಗಲೂ ಅಲ್ವೇನೋ. ನೀವು ಏನೂ ಹೇಳಬೇಕಾಗಿಲ್ಲ. ಏನೂ ಅನ್ನಿಸದಿದ್ರೂ ಪರವಾಗಿಲ್ಲ. ಬಂದು ಕೂತ್ಕೊಳಿ, ಸಾಕು."

ಅರೆಟಿಯ ಎದೆಯಲ್ಲಿ ದೊಡ್ಡದೇನೂ ಆಗಲಿಲ್ಲ. ಕಣ್ಣೀರು ಬರಲಿಲ್ಲ. ಆದರೆ ಕಾಲು ತಣ್ಣಗಾಗಿದೆ ಅನ್ನಿಸಿತು. ತುಂಬ ತಣ್ಣಗಾಗಿದೆ ಅಂತ ನಿಜಕ್ಕೂ ಅನ್ನಿಸಿತು. ಅವಳು ಕಾಲು ಮೇಲೆತ್ತಿ ಅವನ ತೊಡೆಗೆ ಒತ್ತಿ ಇಟ್ಟಳು. ಕ್ಲೆಮ್ ಅಲುಗಾಡಲಿಲ್ಲ, ಉಸಿರೂ ಬಿಡದವನ ಹಾಗೆ ಕೂತ.

"ಕಥೆ ಎಲ್ಲಿಗೆ ಬಂದಾಗ ನಂಗೆ ನಿದ್ದೆ ಬಂತು, ಗೊತ್ತಾ?"

"ಗೊತ್ತು. ಹಡಗು ಬಂದರಿಗೆ ಬರೋ ಹೊತ್ತು."

"ಅಲ್ಲಿಂದ ಓದು," ಅಂದಳು ಅರೆಟಿ. "ನಿಧಾನಕ್ಕೆ ಓದು."