ಒಂಬತ್ತು ಕಾಲಿನ ವಾಲ್ವುಗಳು

ಬಿಸಿಯಾದ ಗಾಜಿನ ಮೇಲೆ ಕೂತ ಧೂಳು ಮೆಲ್ಲಗೆ ಸುಡುವ ವಾಸನೆ, ಅದರ ಜೊತೆಗೆ ಬೆಸುಗೆಯ ರಾಳದ ಸಿಹಿ ಹೊಗೆ. ಅಪ್ಪನ ರೇಡಿಯೋ ರಿಪೇರಿ ಅಂಗಡಿ ಎಂದರೆ ಅವನಿಗೆ ಇವತ್ತಿಗೂ ಅದೇ. ಆ ವಾಸನೆ ಮೂಗಿಗೆ ಬಂದಾಗಲೆಲ್ಲ ಹಳೆಯ ಹೊಟ್ಟೆಯುರಿಯೂ ಅದರ ಹಿಂದೆಯೇ ಬರುತ್ತಿತ್ತು. ಅಂಗಡಿ ಮುಚ್ಚುವಾಗ ಅಪ್ಪ, ಜೋಪಾನವಾಗಿಟ್ಟಿದ್ದ, ಹಳೇ ರೇಡಿಯೋಗಳೊಳಗೆ ಉರಿಯುವ ಗಾಜಿನ ವಾಲ್ವುಗಳ ಪೆಟ್ಟಿಗೆಯನ್ನು ಮಗನಿಗೆ ಕೊಡದೆ ಅಳಿಯನ ಕೈಗಿತ್ತಿದ್ದರು. "ಇವನಿಗೆ ಕೈ ಚುರುಕು, ತಾಳ್ಮೆ ಮಾತ್ರ ಸೊನ್ನೆ" ಎಂದು ಮಗನನ್ನು ತೋರಿಸಿ ಎಲ್ಲರೆದುರು ನಕ್ಕಿದ್ದರು. ಅಳಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟರು. ಸಂಜೆಯ ಹೊತ್ತು ಮಾವನ ಪಕ್ಕ ಸ್ಟೂಲು ಹಾಕಿಕೊಂಡು ಕೆಲಸ ಕಲಿತವರು. ಮಗ ಲಿಫ್ಟ್ ಮೆಕ್ಯಾನಿಕ್ ಆದ. ಕೂದಲು ನರೆತರೂ ಅಕ್ಕ-ಭಾವನಿಗೆ ಅವನು ಇನ್ನೂ ಪುಟ್ಟು.

ಈಗ ಪುಟ್ಟು ಹಾಡು ಕೇಳಲು ತಾನೂ ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತಿದ್ದ. ಅದಕ್ಕೆ ಬೇಕಾದ, ತಳದಲ್ಲಿ ಒಂಬತ್ತು ತಂತಿಕಾಲಿನ, ಬೆರಳುದ್ದದ ವಾಲ್ವುಗಳೇ ಆ ಪೆಟ್ಟಿಗೆಯ ತುಂಬ ಇದ್ದವು. ಭಾವನ ಆಂಪ್ಲಿಫೈಯರಿಗೋ ಎಂಟು ಕಾಲಿನವು ಮಾತ್ರ ಸಾಕು. ಆದರೂ ಬಾಯಿಬಿಟ್ಟು ಕೇಳಲು ಅವನ ಅಭಿಮಾನ ಬಿಡಲಿಲ್ಲ.

ಅಷ್ಟರಲ್ಲಿ ಭಾವನೇ ಫೋನ್ ಮಾಡಿದರು. "ಪುಟ್ಟು, ಒಂದು ವಾಲ್ವ್ ಟೆಸ್ಟರ್ ಬೇಕಿತ್ತಪ್ಪ. ಹಳೇ ಸಾಮಾನಿನ ಅಂಗಡೀಲಿ ಎರಡಿವೆ. ಆರಿಸೋಕೆ ಬರ್ತೀಯಾ? ನನಗಿಂತ ನಿನಗೆ ಚೆನ್ನಾಗಿ ಗೊತ್ತಾಗುತ್ತೆ."

ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅಂದುಕೊಂಡ.

ಒಂದು ಟೆಸ್ಟರ್ ಸಣ್ಣದು, ಹಗುರ. ವಾಲ್ವಿನಲ್ಲಿ ಕರೆಂಟು ಹರಿಯುತ್ತದೆಯೇ ಎಂದಷ್ಟೇ ಹೇಳುವಂಥದ್ದು, ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿದ ಹಾಗೆ. ಇನ್ನೊಂದು ಮೈತುಂಬ ಗುಂಡಿಗಳಿದ್ದ ಭಾರದ ಪೆಟ್ಟಿಗೆ. ವಾಲ್ವಿಗೆ ಸಣ್ಣ ಸಿಗ್ನಲ್ ಕೊಟ್ಟು, ಅದು ಎಷ್ಟು ಹಿಗ್ಗಿಸುತ್ತದೆ ಎಂದು ಅಳೆಯುವಂಥದ್ದು.

"ಇದೇ ತಗೊಳ್ಳಿ ಭಾವ. ಬದುಕಿದೆಯಾ ಅಂತ ನೋಡಿದರೆ ಸಾಲದು, ಎಷ್ಟು ದುಡಿಯುತ್ತೆ ಅಂತ ಗೊತ್ತಾಗಬೇಕು."

"ಎತ್ತಿ ನೋಡಿ ಸಾರ್," ಎಂದ ಅಂಗಡಿಯವನು. "ವಾಲ್ವಿಗಿಂತ ಮೊದಲು ನಿಮ್ಮ ಸೊಂಟ ಟೆಸ್ಟ್ ಆಗುತ್ತೆ!"

ಆಯ್ಕೆಯಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ. ಉಪಾಯದ ಸೊಗಸೇ ಅದು. ಸುಳ್ಳು ಹೇಳಬೇಕಾದ ಯಂತ್ರಕ್ಕೆ ನಂಬಿಕಸ್ಥ ಮುಖವಿರಬೇಕು. ಒಳಗಿನ ತುಕ್ಕು ಒರೆಸಿ ಕೊಡುತ್ತೇನೆಂದು ಅದನ್ನು ಮನೆಗೆ ಒಯ್ದ. ಮೇಲಿನ ತಗಡು ಬಿಚ್ಚಿ, ಒಂಬತ್ತು ಕಾಲಿನ ಸಾಕೆಟ್ಟಿಗೆ ಹೋಗುವ ಒಂದು ತಂತಿಯನ್ನು ಕತ್ತರಿಸಿ, ನಡುವೆ ಕರೆಂಟು ತಡೆಯುವ ಅಕ್ಕಿಕಾಳಿನಂಥ ರೆಸಿಸ್ಟರ್ ಬೆಸೆದ. ಅದರ ಮೇಲೆ ಹಳೆಯ ಬಟ್ಟೆಯ ಕವಚ ಎಳೆದ. ಇನ್ನು ಆ ಸಾಕೆಟ್ಟಿನಲ್ಲಿ ಎಂಥ ಗಟ್ಟಿ ವಾಲ್ವ್ ಕೂರಿಸಿದರೂ ಮುಳ್ಳು ಕೆಂಪು ಗೆರೆ ದಾಟುವುದಿಲ್ಲ, ಸತ್ತದ್ದೆಂದೇ ತೋರಿಸುತ್ತದೆ. ಮಿಕ್ಕ ಸಾಕೆಟ್ಟುಗಳೆಲ್ಲ ಸತ್ಯಹರಿಶ್ಚಂದ್ರನ ವಂಶ.

ಭಾವನ ಮನೆಯಲ್ಲಿ ಅವರ ಆಂಪ್ಲಿಫೈಯರಿನ ಎಂಟು ಕಾಲಿನ ವಾಲ್ವುಗಳನ್ನು ಒಂದೊಂದಾಗಿ ಪರೀಕ್ಷಿಸಿ ತೋರಿಸಿದ. ಮುಳ್ಳು ಪ್ರತಿಸಲವೂ ಹಸಿರಿಗೆ ಹಾರಿತು. ಭಾವ ಮಗುವಿನಂತೆ ಕೈತಟ್ಟಿದರು. ಅಪ್ಪನ ಪೆಟ್ಟಿಗೆಯ ತಂಟೆಗೆ ಅವನು ಹೋಗಲೇ ಇಲ್ಲ; ಅದನ್ನು ಭಾವನೇ ಪರೀಕ್ಷಿಸಲಿ. ತಾನೇ ಕಂಡುಕೊಂಡ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ.

ಹೊರಡುವಾಗ ಅಕ್ಕ ಅವನ ಕೈ ಹಿಡಿದಳು. "ಬೆರಳು ಸುಟ್ಟುಕೊಂಡಿದ್ದೀಯಲ್ಲೋ! ನಮ್ಮ ಕೆಲಸಕ್ಕೆ ಹೋಗಿ ಇದೇನಪ್ಪ?"

ಬೆಸುಗೆ ಹಾಕುವಾಗ ಸುಟ್ಟದ್ದು. ಅವಳು ಮುಲಾಮು ಹಚ್ಚಿ ಊದಿದಳು. ಬೆರಳಿನ ಉರಿ ದಾರಿಯಲ್ಲೇ ಇಳಿಯಿತು. ಒಳಗೆ ಬೇರೊಂದು ಹತ್ತಿಕೊಂಡಿತ್ತು. ಹಿಂದಿರುಗಿ ಹೋಗಿ ಆ ತಂತಿ ಸರಿಮಾಡಿಬಿಡಲೇ ಎಂದು ಬಸ್ಸಿನಲ್ಲಿ ಯೋಚಿಸಿದ. ಇಳಿಯಲಿಲ್ಲ.

ವಾರ ಕಳೆಯುವ ಮೊದಲೇ ಭಾವನ ಕುಗ್ಗಿದ ದನಿ ಕೇಳಿತು. "ಮಾವನ ವಾಲ್ವ್ ಒಂದೂ ಉಳಿದಿಲ್ಲ ಕಣೋ. ಎಲ್ಲಾ ಸತ್ತಿವೆ."

"ಅಯ್ಯೋ, ಎಸೀಬೇಡಿ ಭಾವ," ಎಂದ, ಬಾಯಿಪಾಠ ಮಾಡಿಟ್ಟಿದ್ದ ಮಾತಿನಲ್ಲಿ. "ಅಪ್ಪನ ನೆನಪಿಗೆ ಗಾಜಿನ ಬೀರುವಿನಲ್ಲಿ ಇಟ್ಕೋತೀನಿ."

"ಬಾ, ಕೊಡ್ತೀನಿ. ಊಟಕ್ಕೇ ಬಾ."

ಭಾವ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದಿಟ್ಟರು. "ನೀನು ಆಂಪ್ಲಿಫೈಯರ್ ಕಟ್ಟುತ್ತಿದ್ದೀಯ ಅಂತ ನಿಮ್ಮಕ್ಕ ಹೇಳಿದಳು. ಒಳ್ಳೇವನ್ನ ಆರಿಸಿ ನಿನಗೆ ಕೊಡೋಣ ಅಂತಲೇ ಟೆಸ್ಟರ್ ತಂದಿದ್ದು. ನನಗೆಲ್ಲಿ ಅದೃಷ್ಟ!"

ಪುಟ್ಟುವಿಗೆ ತಲೆ ಎತ್ತಲಾಗಲಿಲ್ಲ. ಹೋಗಲಿ, ಕೊಡಬೇಕೆಂದಿದ್ದವರು ಕೊಟ್ಟರು, ಬೇಕೆಂದಿದ್ದವನಿಗೆ ಸಿಕ್ಕಿತು, ಯಾರಿಗೆ ಏನು ನಷ್ಟವಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮುಚ್ಚಳ ತೆಗೆದ.

ವಾಲ್ವುಗಳ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಬೆಳ್ಳಿ ಒಂದರಲ್ಲೂ ಇರಲಿಲ್ಲ. ಎಲ್ಲ ಹಾಲಿನಂತೆ ಬಿಳಿಚಿಕೊಂಡಿದ್ದವು, ಗಾಳಿ ಒಳಹೊಕ್ಕು ನಿಜವಾಗಿಯೂ ಸತ್ತ ವಾಲ್ವುಗಳ ಹಾಗೆ. ಗಾಜಿನ ತುದಿಯ ಪುಟ್ಟ ಮೊನೆಗಳು ಮುರಿದಿದ್ದವು. "ನಾನೇ ಇಕ್ಕಳದಲ್ಲಿ ಮುರಿದೆ," ಎಂದರು ಭಾವ. "ಸತ್ತದ್ದನ್ನ ಇಡಿಯಾಗಿ ಬಿಟ್ಟರೆ ಮುಂದೆ ಯಾರೋ ಒಳ್ಳೇದು ಅಂತ ಕೊಂಡು ಮೋಸ ಹೋಗ್ತಾರೆ ಅಂತ, ಮಾವ ಮೊನೆ ಮುರಿದೇ ಕಸದ ಬುಟ್ಟಿಗೆ ಹಾಕ್ತಿದ್ದದ್ದು. ನೀನೂ ನೋಡಿರ್ತೀಯಲ್ಲ?" ದಿನವೂ ಆ ಬುಟ್ಟಿ ಖಾಲಿ ಮಾಡುತ್ತಿದ್ದವನು ಪುಟ್ಟುವೇ. ಒಂದು ದಿನವೂ ಅದರೊಳಗೆ ಬಗ್ಗಿ ನೋಡಿರಲಿಲ್ಲ. ಅವನ ಕಣ್ಣು ತುಂಬಿದ್ದು ಅಪ್ಪನ ನೆನಪಿಗೆ ಎಂದುಕೊಂಡ ಅಕ್ಕ, ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಅವನಿಗೆ ಸೇರದ ಈರುಳ್ಳಿಯನ್ನೆಲ್ಲ ಆರಿಸಿ ತೆಗೆದಿದ್ದ ಬಿಸಿಬಿಸಿ ಊಟದ ತಟ್ಟೆಯನ್ನು ಅವನ ಕೈಗಿಟ್ಟಳು.