ಮಾರ್ಲೇನ್ ಮನೆಯ ಬೋರ್ಡರ್

ನನ್ನನ್ನು ಮದುವೆಯಾಗಲು ಬಂದ ಹೆಂಗಸರ ಸಾಲು ಗೇಲ್ ಊರಿನ ಚರ್ಚಿನ ಬಾಗಿಲಲ್ಲಿ ಶುರುವಾಗಿ ಹಾಲೆಂಡಿನ ಗಡಿ ದಾಟಿತ್ತು. ಅಷ್ಟೂ ಜನರಿಗೆ ಸಮಾಧಾನ ಹೇಳಿ ವಾಪಸ್ ಕಳಿಸಿದ್ದು ಫ್ರೀಡಾಳಿಗಾಗಿ.

ಫ್ರೀಡಾ ಆಂಟ್‌ವರ್ಪ್‌ನಿಂದ ಹೊಸದಾಗಿ ಬಂದವಳು. ಮಂಗಳವಾರದ ಸಂತೆಯಲ್ಲಿ ಒಣದ್ರಾಕ್ಷಿ ಬ್ರೆಡ್ಡು ಮಾರುತ್ತಾಳೆ. ಕಾಗದ ಸುತ್ತುತ್ತಾ ಒಂದೇ ಒಂದು ಹುಬ್ಬು ಮೇಲೇರಿಸಿ ನೋಡುತ್ತಾಳೆ. ಆ ನೋಟಕ್ಕೆ ಪಕ್ಕದ ಅಂಗಡಿಯ ಚೀಸೆಲ್ಲ ಕರಗಿ ಬೀದಿಗೆ ಹರಿಯುತ್ತದೆ.

"ನಿಮ್ಮನೇಲೂ ಬೋರ್ಡರ್ ಇದ್ದಾರಾ, ವಾನ್ನೆಸ್?" ಎಂದಳು ಮೊದಲ ವಾರವೇ.

ಮನಸ್ಸಿನ ಕಾಯಿಲೆ ಇರುವವರನ್ನು ತಮ್ಮ ಮನೆಯಲ್ಲೇ, ತಮ್ಮ ಊಟದ ಮೇಜಿನಲ್ಲೇ ಇಟ್ಟುಕೊಳ್ಳುವುದು ನಮ್ಮೂರಿನ ಹಳೆಯ ವಾಡಿಕೆ. ಅವರೇ ಬೋರ್ಡರುಗಳು. ಮಾರ್ಲೇನ್ ಮನೆಯ ಬೋರ್ಡರ್ ನಾನೇ, ಇಪ್ಪತ್ತೆರಡು ವರ್ಷದಿಂದ. ಆದರೆ ಹಾಗೆಂದರೆ ಆ ಹುಬ್ಬು ಇಳಿದುಬಿಟ್ಟೀತೆಂದು ಹೆದರಿದೆ.

"ಇದ್ದಾನೆ ಒಬ್ಬ," ಎಂದೆ. "ಪಾಪದ ಪ್ರಾಣಿ."

"ಹೆಂಗಿರ್ತಾನೆ?"

"ಜೋರು ಗಾಳಿ ಬಂದ್ರೆ ಅದ್ರೊಳಗೆ ಯಾರೋ ಬೈದಂಗೆ ಕೇಳ್ಸುತ್ತೆ ಅವನಿಗೆ. ಕಿಟಕಿ ಮುಚ್ಚಿ ರೇಡಿಯೋ ಹಾಕ್ಕೊಂಡು ಕೂತ್ಕೋತಾನೆ. ಮಾತ್ರೆ ತಗೊಂಡ್ರೆ ಕೈ ನಡುಗುತ್ತೆ, ಅದಕ್ಕೇ ಅರ್ಧ ಕಪ್ಪೇ ಕಾಫಿ ಕುಡಿಯೋದು."

"ತನ್ನೋರು ಅಂತ ಯಾರಾದ್ರೂ ಇದ್ದಾರಾ?"

"ಹಾಡು ಬಂದಾಗ ಪಕ್ಕದ ಖಾಲಿ ಕುರ್ಚಿ ಕಡೆ ನೋಡ್ತಾನೆ. ಅಷ್ಟೇ."

ಹೀಗೇ ಹನ್ನೊಂದು ಮಂಗಳವಾರ. ನಾನು ಅವನ ಕಥೆ ಹೇಳುವುದು, ಅವಳು ಬ್ರೆಡ್ಡಿನ ದಪ್ಪ ತುಂಡೊಂದನ್ನು "ಇದು ಅವನಿಗೆ, ನೀವು ಕದೀಬೇಡಿ" ಎಂದು ಸುತ್ತಿ ಕೊಡುವುದು. ಅದನ್ನು ದಾರಿಯಲ್ಲೇ ಒಬ್ಬನೇ ತಿನ್ನುತ್ತಿದ್ದೆ. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಕೊನೆಗೊಂದು ಭಾನುವಾರ, ಅವನನ್ನು ನೋಡಲೇಬೇಕೆಂದು ಅವಳು ಮನೆಗೇ ಬಂದಳು. ಮೇಜಿನ ಸುತ್ತ ಮಾರ್ಲೇನ್, ಅವಳ ಗಂಡ ಸ್ಟಾನ್, ನಾನು.

"ಎಲ್ಲಿ, ನಿಮ್ ಬೋರ್ಡರ್ ಕಾಣ್ತಾನೇ ಇಲ್ಲ?"

"ಯಾರು ಯಾರು ಅಂತ ಇಲ್ಲಿ ಬೆರಳು ಮಾಡಿ ತೋರ್ಸಲ್ಲಮ್ಮ," ಎಂದಳು ಮಾರ್ಲೇನ್. "ಬಿಸ್ಕತ್ತು ತಗೋ."

ಸ್ಟಾನ್ ಕಿಟಕಿಯ ಹೊರಗೆ ನೋಡತೊಡಗಿದ. ಫ್ರೀಡಾಳ ಕಣ್ಣು ಮೇಜನ್ನೆಲ್ಲ ಸುತ್ತಿ ಬಂದು ನನ್ನ ಅರ್ಧ ಕಪ್ಪಿನ ಮೇಲೆ ನಿಂತಿತು.

ನಿಂತದ್ದೇ ತಡ, ಅವಳು ಎದ್ದು ಬಂದು ನನ್ನ ಕೊರಳಿಗೆ ಬಿದ್ದಳು. ಬೀದಿಯಲ್ಲಿ ನಲವತ್ತು ಕಹಳೆಗಳು ಮೊಳಗಿದವು. ಮೇಯರ್ ಬರಿಗಾಲಲ್ಲಿ ಓಡಿಬಂದು...

ಇಷ್ಟು ಬರೆಯುವಾಗ ಮಾರ್ಲೇನ್ ನನ್ನ ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

"ವಾನ್ನೆಸ್, ನಾನೂ ಅಲ್ಲೇ ಇದ್ದೆ ಕಣೋ."

ಸರಿ. ಕಹಳೆ ಇರಲಿಲ್ಲ. ಮೇಯರೂ ಬರಲಿಲ್ಲ. ಅವಳು ನನ್ನ ಕೊರಳಿಗೂ ಬೀಳಲಿಲ್ಲ.

"ನಂಗೆ ಹಿಡ್ಸಿದ್ದು ಅವನು," ಎಂದಳು ಫ್ರೀಡಾ, ಮೆಲ್ಲಗೆ. "ಅವನ ಬಗ್ಗೆ ನಾಚ್ಕೊಂಡಿದ್ದು ನೀವು."

ಕೋಟು ತೊಟ್ಟಳು. ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ತುಸು ಹೊತ್ತು ನಿಂತಳು. ಅವನೇ ನಾನು, ನಿನ್ನನ್ನು ಪ್ರೀತಿಸುವವನೂ ಅವನೇ ಎನ್ನಲು ಅಲ್ಲಿಗೆ ಏಳೇ ಹೆಜ್ಜೆ.

ನಾನು ಏಳಲಿಲ್ಲ.