ಎಂಟು ಎಂಬಿಯ ಸಂಚು

ಊಟ ಮಾಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಭಾವ ತಾನು ಮಾಡಿ ಮಾರುವ ನಿಗಾ ಕ್ಯಾಮೆರಾದ ಬೋರ್ಡನ್ನು ಎತ್ತಿಕೊಂಡ. ಹಸಿರು ಬೋರ್ಡಿನ ಮೇಲೆ ಎಣ್ಣೆಯ ಹೆಬ್ಬೆಟ್ಟು ಅಚ್ಚೊತ್ತಿತು. ಅದನ್ನೇ ವೃದ್ಧಾಶ್ರಮದ ಮೇಲ್ವಿಚಾರಕಿಯ ಮೂಗಿನ ಹತ್ತಿರ ಹಿಡಿದು, "ಮೆಮೊರಿ ಸಾಲ್ದೆ ಅರ್ಧ ಗಂಟೆಗೊಂದ್ಸಲ ನಿಂತೋಗ್ತಿತ್ತು ಮೇಡಂ. ತಲೆ ಕೆಡಿಸ್ಕೊಂಡು ನಾನೇ ಸರಿ ಮಾಡ್ದೆ. ನಮ್ಮ ಬಾಮೈದನೂ ಅಷ್ಟೋ ಇಷ್ಟೋ ಕೈ ಹಾಕ್ದ," ಎಂದ.

ಅಷ್ಟೋ ಇಷ್ಟೋ! ಬಾಮೈದನಿಗೆ ಮೈಯೆಲ್ಲ ಉರಿಯಿತು. ದುಡ್ಡುಳಿಸಲು ಎಂಟು ಎಂಬಿಯ ಮೆಮೊರಿ ಚಿಪ್ಪೇ ಸಾಕೆಂದು ಹಟ ಹಿಡಿದವನು ಭಾವ. ಆ ಇಕ್ಕಟ್ಟಿನಲ್ಲಿ ಪ್ರೋಗ್ರಾಮನ್ನು ಹಿಂಡಿ ಹಿಂಡಿ ತುಂಬಿದವನು, ಹಿಡಿದ ಮೆಮೊರಿಯನ್ನು ಅದು ಎಲ್ಲಿ ಬಿಡದೆ ಕೂತಿದೆ ಎಂದು ಮೂರು ವಾರ ಸಾಲುಸಾಲು ಜಾಲಾಡಿದವನು ತಾನು. ಅಕ್ಕನ ಹತ್ತಿರ ಹೇಳಿಕೊಂಡರೆ, "ನಿಮ್ಮ ಭಾವ ಇಲ್ದಿದ್ರೆ ನೀನು ಎಲ್ಲಿರ್ತಿದ್ದೆ ತಮ್ಮಾ?" ಅಂದಳು. ಉಗುರು ಕತ್ತರಿಸಿ ಕೀಬೋರ್ಡಿನ ಮೇಲೇ ಉದುರಿಸುವ ಆ ಮನುಷ್ಯನನ್ನು ಅವಳು ದೇವರೆಂದುಕೊಂಡಿದ್ದಳು.

ಹೊಡೆಯುವುದು ಬಡಿಯುವುದು ಬಾಮೈದನ ಜಾಯಮಾನವಲ್ಲ. ಜನ ಭಾವನ ಮುಖಕ್ಕೆ ಉಗಿಯಬೇಕು. ಅಕ್ಕನೇ ಮೊದಲು ಉಗಿಯಬೇಕು.

ಆ ಕ್ಯಾಮೆರಾಗಳು ಹೋಗುತ್ತಿದ್ದುದು ತೊಟ್ಟಿಲಿದ್ದ ಕೋಣೆಗಳಿಗೆ, ಹಾಸಿಗೆ ಹಿಡಿದ ಮುದುಕಿಯರ ಕೋಣೆಗಳಿಗೆ. ಅಲ್ಲಿನ ಚಿತ್ರಗಳು ಗಂಟೆಗೊಂದರಂತೆ ಕದ್ದುಮುಚ್ಚಿ ಭಾವನ ಕಂಪ್ಯೂಟರಿಗೆ ಬಂದು ಬಿದ್ದರೆ? ನೆನೆದರೇ ವಾಕರಿಕೆ. ಆ ವಾಕರಿಕೆಯೇ ಭಾವನ ಕುತ್ತಿಗೆಗೆ ಉರುಳು.

ಊಟದ ನಂತರ ಭಾವ ಕುರ್ಚಿಯಲ್ಲೇ ಬಾಯಿ ಕಳೆದು ಗೊರಕೆ ಹೊಡೆಯುತ್ತಿದ್ದ. ಆ ಮುಕ್ಕಾಲು ಗಂಟೆಯೇ ಸಾಕಾಗಿತ್ತು. ಬಾಮೈದ ಭಾವನ ಕಂಪ್ಯೂಟರಿನಲ್ಲೇ, ಭಾವನ ಪಾಸ್‌ವರ್ಡಿನಿಂದಲೇ ಕಳ್ಳ ಸಾಲುಗಳನ್ನು ಬರೆದ. ಪ್ರತಿ ಸಾಲಿನ ಪಕ್ಕದಲ್ಲೂ ಭಾವನ ಹೆಸರು ತಾನಾಗಿ ಕೂತುಕೊಂಡಿತು. ಚಿಪ್ಪಿನಲ್ಲಿ ಜಾಗ ಸಾಲಲಿಲ್ಲ. ಅಲ್ಲೊಂದು ಇಲ್ಲೊಂದು ಬೇಡದ್ದನ್ನು ಕಿತ್ತೆಸೆದ. ಅಂತೂ ಎಲ್ಲ ಹಿಡಿಯಿತು.

ಬೋರ್ಡಿನ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ನಾಲ್ಕು ಚುಕ್ಕೆಗಳಿದ್ದವು. ಅಲ್ಲಿಗೆ ತಂತಿ ಮುಟ್ಟಿಸಿದರೆ ಕ್ಯಾಮೆರಾದ ಹೊಟ್ಟೆಯಲ್ಲಿರುವುದನ್ನೆಲ್ಲ ಓದಬಹುದು, ತಿದ್ದಬಹುದು. ಆ ದಾರಿಯಿಂದ ಒಂದು ಕ್ಯಾಮೆರಾಗೆ ಹೊಸ ಪ್ರೋಗ್ರಾಮು ಇಳಿಸಿ, ಪರೀಕ್ಷೆಗೆಂದು ಮೇಜಿನ ಮೇಲಿದ್ದ ಅದರಿಂದಲೇ ಒಂದು ಚಿತ್ರ ತೆಗೆಸಿ ಕಳಿಸಿ ನೋಡಿದ. ಚಿತ್ರ ಭಾವನ ಕಂಪ್ಯೂಟರಿನಲ್ಲಿ ಅವನೆಂದೂ ತೆರೆಯದ ಮೂಲೆಗೆ ಬಂತು. ತೆರೆಯದೆಯೇ ಅಳಿಸಿದ. ಆಮೇಲೆ ಚಿಪ್ಪಿನಲ್ಲಿದ್ದುದನ್ನು ಇದ್ದದ್ದು ಇದ್ದ ಹಾಗೇ ಎತ್ತಿಕೊಂಡು ಮೂಲಪ್ರತಿ ಮಾಡಿಟ್ಟ. ಕ್ಯಾಮೆರಾ ಜೋಡಿಸುವ ಕೆಲಸದ ಹೆಂಗಸರು ಅದನ್ನೇ ಇನ್ನೂರು ಕ್ಯಾಮೆರಾಗಳಿಗೆ ತುಂಬಿದರು.

ತಿಂಗಳ ನಂತರ ಪೊಲೀಸರಿಗೆ ಹೆಸರಿಲ್ಲದ ಒಂದು ಕಾಗದ ಹೋಯಿತು.

ಮೂರನೇ ದಿನ ಬೆಳಿಗ್ಗೆ ಅವರು ಬಂದರು. ಜೊತೆಗೆ ಅವರ ಕಂಪ್ಯೂಟರ್ ತಜ್ಞೆ. ಪರದೆಯ ಮೇಲೆ ಒಂದೊಂದೇ ಕೋಣೆ ತೆರೆದುಕೊಂಡಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗಂಡನಿಂದ ಎರಡು ಹೆಜ್ಜೆ ದೂರ ಸರಿದಳು.

"ನಂಗೇನೂ ಗೊತ್ತಿಲ್ಲ ಕಣೇ, ಮಕ್ಕಳಾಣೆ!" ಭಾವನ ಮೂಗು, ಕಣ್ಣು ಒಟ್ಟಿಗೇ ಸುರಿಯುತ್ತಿದ್ದವು. ಸಿಂಬಳ ಮೀಸೆಗೆ ಇಳಿಯುವುದನ್ನು ಬಾಮೈದ ಹೇಸುತ್ತಲೇ ಕಣ್ತುಂಬ ನೋಡಿದ.

"ಒಂದು ವಿಚಿತ್ರ ನೋಡಿ," ಎಂದಳು ತಜ್ಞೆ. "ಇನ್ನೂರು ಕ್ಯಾಮೆರಾನೂ ಕಳಿಸಿರೋ ಮೊದಲ್ನೇ ಚಿತ್ರ ಒಂದೇ."

ಒಂದೇ ಹೇಗೆ ಇರಲು ಸಾಧ್ಯ? ಬಾಮೈದ ಮನಸ್ಸಿನಲ್ಲೇ ಸಾಲುಗಳನ್ನು ತಿರುವಿ ಹಾಕಿದ.  ಜಾಗಕ್ಕಾಗಿ ಕಿತ್ತೆಸೆದ ಸಾಲುಗಳಲ್ಲಿ, ಕಳಿಸಿಯಾದ ಚಿತ್ರವನ್ನು ಚಿಪ್ಪಿನಿಂದ ಒರೆಸಿಹಾಕುವ ಸಾಲುಗಳೂ ಇದ್ದವು. ಪರೀಕ್ಷೆಗೆ ತೆಗೆದ ಚಿತ್ರ ಅಲ್ಲೇ ಉಳಿದು, ಮೂಲಪ್ರತಿಯ ಜೊತೆಗೇ ಇನ್ನೂರು ಮನೆ ಸೇರಿತ್ತು. ಒಂದೊಂದು ಕ್ಯಾಮೆರಾವೂ ಕಣ್ಣು ಬಿಟ್ಟೊಡನೆ ಅದನ್ನೇ ಮೊದಲು ವಾಪಸು ಕಳಿಸಿತ್ತು. ತಜ್ಞೆ ಅದನ್ನು ಪರದೆಯ ತುಂಬ ದೊಡ್ಡದು ಮಾಡಿದಳು. ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದ ಭಾವ. ಅವನ ಮುಂದೆ, ಅವನದೇ ಕೀಬೋರ್ಡಿನ ಮೇಲೆ ಬೆರಳಿಟ್ಟು, ನಾಲಿಗೆಯ ತುದಿ ಕಚ್ಚಿಕೊಂಡು ನಗುತ್ತಿದ್ದ ಬಾಮೈದ. ಅಕ್ಕ ಪರದೆಯಿಂದ ಕಣ್ಣು ಕಿತ್ತು ತಮ್ಮನ ಕಡೆ ತಿರುಗಿದಳು, ಸೆರಗನ್ನು ಬಾಯಿಂದ ತೆಗೆದು ಉಗಿದಳು.